ಹಿತ್ತಲಿನ ಸಿಮೆಂಟು ಕಿತ್ತ ಮೇಲೆ ಬಂದ ದೊಡ್ಡ ಮಳೆ

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಿತ್ತಲ್ಲ, ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ಆಗ ನಮ್ಮ ಹಿತ್ತಲಲ್ಲಿ ಇದ್ದಿದ್ದು ಒಂದಷ್ಟು ಕುಂಡ, ಗೋಡೆ ಪಕ್ಕ ಒಂದು ಕರಿಬೇವಿನ ಮರ, ಬಾಕಿಯೆಲ್ಲಾ ಸಿಮೆಂಟು. 8 ಅಡಿಗೆ 20 ಅಡಿ ಜಾಗ. ಕೆಸರಾಗಬಾರದು ಅಂತ ಅಪ್ಪ ಹಾಕಿಸಿದ್ದು. ಬೇಸಿಗೆ ಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಿಲ್ಲೋಕಾಗ್ತಿರ್ಲಿಲ್ಲ, ಕುಂಡದ ಮಣ್ಣು ಸಂಜೆಯೊಳಗೆ ಒಣಗಿ ಅಂಚು ಬಿಡ್ತಿತ್ತು.

ಏಪ್ರಿಲ್‌ನಲ್ಲಿ ಒಡೆಸಿಬಿಟ್ಟೆ. ಅಮ್ಮಂಗೆ ಇಷ್ಟ ಇರ್ಲಿಲ್ಲ, "ಮನೆಯೆಲ್ಲಾ ಮಣ್ಣು ತುಳೀತೀರ ಕಣೋ, ಗುಡಿಸೋಳು ನಾನು" ಅಂತ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಸಿಮೆಂಟು ಎದ್ದ ಮೇಲೆ ಕೆಳಗಿನ ಮಣ್ಣು ನೋಡಿ ನಿಜವಾಗ್ಲೂ ಹೊಟ್ಟೆ ಉರೀತು. ಬೂದಿ ಬಣ್ಣ, ಇಟ್ಟಿಗೆ ಥರ ಗಟ್ಟಿ, ಗುದ್ದಲಿ ಹಾಕಿದ್ರೆ ಪುಡಿಪುಡಿಯಾಗಿ ಏಳ್ತಿತ್ತು, ಒಂದು ಎರೆಹುಳ ಇಲ್ಲ, ಇರುವೆ ಕೂಡ ಇಲ್ಲ. ಎರೆಗೊಬ್ಬರ ಕಲಸಿ, ಬೀದಿಯಲ್ಲಿ ಗುಡಿಸಿ ಸುಡೋಕೆ ಇಟ್ಟಿದ್ದ ತರಗೆಲೆ ಮೂಟೆ ತಂದು ಹೊದಿಸಿದ್ವಿ.

ಓಡಾಡೋಕೆ ಸಾದರಹಳ್ಳಿ ಕಲ್ಲಿನ ಚಪ್ಪಡಿ. ಕಡಪ ಕಲ್ಲು ಹಾಕ್ಸಿ ಅಂದ್ರು ಒಬ್ರು, ಅದು ಕಪ್ಪು, ಬಿಸಿಲಿಗೆ ಕಾಯುತ್ತೆ, ಬೇಡ ಅಂದೆ. ಮರಳಿನ ಮೇಲೆ ಚಪ್ಪಡಿ ಕೂರಿಸಿ ಮಧ್ಯೆ ಎರಡೆರಡು ಇಂಚು ಸಂದು ಬಿಡಿಸಿದೆ, ಸಿಮೆಂಟು ಒಂದು ಚಮಚ ಕೂಡ ಹಾಕಿಲ್ಲ. ಸಂದಿಗೆ ಗರಿಕೆ. ಲಾನ್ ಬೇಡವೇ ಬೇಡ, ಅದಕ್ಕೆ ದಿನಾ ಸುರಿಯೋ ನೀರು ಎಲ್ಲಿಂದ ತರೋದು? ನಂದಬಟ್ಟಲು, ದಾಸವಾಳ, ದೊಡ್ಡಪತ್ರೆ, ಒಂದು ನಿಂಬೆ ಸಾಕು, ಪಾತ್ರೆ ತೊಳೆದ ನೀರು ಬೀಳೋ ಕಡೆ ಎರಡು ಬಾಳೆ. ಮೂಲೆಯಲ್ಲಿ ಬಿದ್ದಿದ್ದ ಬಟ್ಟೆ ಒಗೆಯೋ ಕಲ್ಲನ್ನ ನಾಲ್ಕು ಜನ ಎತ್ತಿ ಕರಿಬೇವಿನ ನೆರಳಿಗೆ ಇಟ್ವಿ, ಈಗ ಅದೇ ಕೂರೋ ಜಗಲಿ. ಕೊಂಡು ತಂದ ಯಾವ ಗಾರ್ಡನ್ ಚೇರೂ ಅಷ್ಟು ತಂಪಿರಲ್ಲ.

ಜೂನ್ 2, ಭಾನುವಾರ. ಆವತ್ತು ಬೆಂಗಳೂರಲ್ಲಿ 111 ಮಿಲಿಮೀಟರ್ ಮಳೆ ಸುರೀತು, ಜೂನ್ ತಿಂಗಳ ಒಂದೇ ದಿನದಲ್ಲಿ ನೂರಾ ಮೂವತ್ತು ವರ್ಷದಿಂದ ಅಷ್ಟು ಬಿದ್ದಿರ್ಲಿಲ್ಲವಂತೆ. ಲೆಕ್ಕ ಹಾಕಿದ್ರೆ ನಮ್ಮ ಹಿತ್ತಲೊಂದಕ್ಕೇ ಹೆಚ್ಚುಕಮ್ಮಿ 1600 ಲೀಟರ್, ಮುಂಚೆ ಅಷ್ಟೂ ಸೀದಾ ಮೋರಿಗೆ ಹೋಗ್ತಿತ್ತು. ನಾನು ಬಾಗಿಲಲ್ಲೇ ಟಾರ್ಚ್ ಹಿಡ್ಕೊಂಡು ನಿಂತಿದ್ದೆ. ಸಂದಿನಲ್ಲಿ ನೀರು ಸುಳಿ ಸುಳಿಯಾಗಿ ಇಳೀತಿತ್ತು, ಅಲ್ಲಲ್ಲಿ ಗುಳ್ಳೆ ಏಳ್ತಿತ್ತು, ಮಣ್ಣು ಉಸಿರಾಡಿದ ಹಾಗೆ. ಅಮ್ಮ ಹಿಂದೆ ಬಂದು ನಿಂತು ತುಂಬಾ ಹೊತ್ತು ನೋಡಿ "ಎಷ್ಟು ಬಾಯಾರಿತ್ತೋ ಪಾಪ" ಅಂದ್ರು.

ಬೆಳಗ್ಗೆ ಅಮ್ಮನೇ ಮೊದಲು ಹೋಗಿ ಕಲ್ಲಿನ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ರು. ಮೋರಿ ಪಕ್ಕದ ಮೂಲೆಯಲ್ಲಿ ಮಾತ್ರ ನೀರು ನಿಂತಿತ್ತು, ಎರಡು ಚಪ್ಪಡಿ ಕುಸಿದಿತ್ತು. ಅದನ್ನ ಎತ್ತಿ ಇನ್ನೊಂದು ಬಾಂಡ್ಲಿ ಮರಳು ಹಾಕಬೇಕು, ಮೇಸ್ತ್ರಿಗೆ ಫೋನ್ ಮಾಡಿದೀನಿ.