ಶಸ್ತ್ರಚಿಕಿತ್ಸೆಯ ನಂತರ ಮುನಿಸಿಕೊಂಡ ಹೊಟ್ಟೆ
ಹರ್ನಿಯಾ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ನನ್ನನ್ನು ಹೆಚ್ಚು ಕಾಡಿದ್ದು ಹೊಲಿಗೆಯ ನೋವಲ್ಲ, 4 ದಿನ ಕದಲದೆ ಕುಳಿತ ಹೊಟ್ಟೆ. ಟ್ರಮಡಾಲ್‌ನಂತಹ ನೋವುನಿವಾರಕಗಳು ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಮಲವು ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತು, ನೀರಿನಂಶ ಕಳೆದುಕೊಂಡು ಗಟ್ಟಿಯಾಗುತ್ತದೆ. ಮಲವಿಸರ್ಜನೆಗೆ ತಿಣುಕಿದರೆ ಹೊಲಿಗೆಯ ಮೇಲೆ ಒತ್ತಡ. ಅತ್ತೆಯವರು ಹರಳೆಣ್ಣೆ ತಂದರಾದರೂ, ಅದು ಕರುಳನ್ನು ಹಿಂಡುವ ಉಗ್ರ ವಿರೇಚಕವೆಂದು ವೈದ್ಯರು ಬೇಡವೆಂದರು. ರಾತ್ರಿ ನೆನೆಸಿಟ್ಟು ಉಬ್ಬಿದ 10 ಒಣದ್ರಾಕ್ಷಿಗಳನ್ನು ಕಿವುಚಿ, ಆ ನೀರಿನೊಡನೆಯೇ ಬೆಳಿಗ್ಗೆ ಸೇವಿಸಿ, ಪಡಸಾಲೆಯಲ್ಲಿ ಗೋಡೆ ಹಿಡಿದು ನಡೆದೆ. ಕಮೋಡಿನ ಮುಂದೆ ಕಾಲಡಿಗೆ ಅಡುಗೆಮನೆಯ ಮಣೆಯನ್ನಿಟ್ಟು ಕುಳಿತದ್ದೇ (ನಗಬೇಡಿ) ಎಲ್ಲಕ್ಕಿಂತ ಉಪಕಾರಿಯಾಯಿತು. ನೀರು ಹೀರಿ ಉಬ್ಬುವ ನಾರಿನ ಹೊಟ್ಟಾದ ಇಸಬ್ಗೋಲನ್ನು ಮಾತ್ರ ಆ ನೋವಿನ ಮಾತ್ರೆಗಳು ನಿಂತ ಮೇಲೆಯೇ ಆರಂಭಿಸಿದೆ. ಕರುಳು ನಿಧಾನವಾಗಿರುವಾಗ ನೀರು ಸಾಲದಿದ್ದರೆ ಅದೇ ಕರುಳನ್ನು ಅಡ್ಡಗಟ್ಟಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಮನೆಮದ್ದನ್ನು ಬದಿಗಿಟ್ಟು ಕೂಡಲೇ ಶಸ್ತ್ರವೈದ್ಯರನ್ನು ಕಾಣಬೇಕು.