‘ಅಪ್ಪನಿಲ್ಲದೆ ಮಗು ಹೇಗೆ ಬೆಳೆಯುತ್ತದೆ?’ ಎಂದು ಕೇಳುವವರಿಗೆ

‘ಪಾಪ, ಅಪ್ಪನಿಲ್ಲದೆ ಮಗು ಹೇಗೆ ಬೆಳೆಯುತ್ತದೆ?’

ಒಂಬತ್ತು ವರ್ಷಗಳಿಂದ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಆ ‘ಪಾಪ’ವನ್ನು ತೆಗೆಯಿರಿ. ಕನಿಕರಕ್ಕೂ ಮಾಡಬಾರದ್ದನ್ನು ಮಾಡಿದ್ದಕ್ಕೂ ನಮ್ಮ ಭಾಷೆಯಲ್ಲಿ ಇರುವುದು ಒಂದೇ ಮಾತು. ನೀವು ಕನಿಕರದಿಂದಲೇ ಅಂದಿರಬಹುದು, ಮಗುವಿನ ಕಿವಿಗೆ ಎರಡೂ ಬೀಳುತ್ತವೆ. ಕಳೆದ ವರ್ಷ ಶಾಲೆಯಲ್ಲಿ ಪೋಷಕರ ಸಭೆಯ ದಿನ, ಮಗಳು ನನ್ನ ಕೈ ಹಿಡಿದು ನಿಂತಿರುವಾಗಲೇ, ಒಬ್ಬರು ಅವಳ ತಲೆ ಸವರಿ ಹೀಗೆ ಕೇಳಿದರು. ನಾನು ಮಾತು ಮರೆಸಿದೆ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅವಳು ಕೇಳಿದಳು: ‘ಅಮ್ಮಾ, ನಾನು ಸರಿಯಾಗಿ ಬೆಳೆಯುತ್ತಿಲ್ಲವೇ?’ ಆಮೇಲೆ ತಾನೇ ಹೋಗಿ ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗುರುತಿಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆದುಕೊಂಡಳು. ಎರಡು ಬೆರಳು ಹೆಚ್ಚಾಗಿತ್ತು. ಅವಳಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ.

ಕಷ್ಟವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ವಿಚ್ಛೇದನವಾದ ಮನೆಗಳ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್, ಅವರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಗಂಭೀರ ತೊಂದರೆಗಳಿರುವುದನ್ನು ಕಂಡರು. ತಂದೆ ತಾಯಿ ಜೊತೆಗಿದ್ದ ಮನೆಗಳಲ್ಲಿ ಅದು ಸುಮಾರು 10. ಈ ಅಂತರ ಎಷ್ಟೋ ರಾತ್ರಿ ನನ್ನ ನಿದ್ದೆ ಕೆಡಿಸಿದೆ. ಆದರೆ ಚೆನ್ನಾಗಿಯೇ ಬೆಳೆದ ಉಳಿದ 75 ಮಕ್ಕಳ ಸುದ್ದಿಯನ್ನು ನನ್ನ ಮುಂದೆ ಯಾರೂ ಎತ್ತಿದ್ದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸಾರಾ ಮೆಕ್‌ಲನಹನ್ ಮತ್ತು ಗ್ಯಾರಿ ಸ್ಯಾಂಡಿಫರ್ 1994ರಲ್ಲಿ ಕಾರಣವನ್ನೂ ಬಿಡಿಸಿಟ್ಟರು: ಒಬ್ಬರೇ ಸಾಕಿದ ಮಕ್ಕಳು ಹಿಂದೆ ಬೀಳುವುದರಲ್ಲಿ ಸುಮಾರು ಅರ್ಧ ಪಾಲು ಕಡಿಮೆ ಆದಾಯದ್ದು. ಉಳಿದದ್ದರಲ್ಲಿ ಪೋಷಕರಿಗೆ ಸಾಕಾಗದ ಸಮಯ ಇದೆ, ಮನೆ ಬದಲಿಸಿದಾಗಲೆಲ್ಲ ಕಳಚಿಹೋಗುವ ನಂಟುಗಳಿವೆ.

ಜನ ‘ಗಂಡು ದಿಕ್ಕು’ ಎನ್ನುವುದನ್ನು ಬಿಡಿಸಿ ನೋಡಿದರೆ ಒಳಗಿರುವುದು ಇಷ್ಟು: ಇನ್ನೊಂದು ಸಂಬಳ, ಇನ್ನೆರಡು ಕೈ, ನಾನು ಮಲಗಿದಾಗ ಎದ್ದಿರುವ ಇನ್ನೊಬ್ಬರು. ಲೋಕದ ಒಂಟಿ ಪೋಷಕರ ಕುಟುಂಬಗಳಲ್ಲಿ ನೂರಕ್ಕೆ 84ರಷ್ಟು ತಾಯಂದಿರದೇ ಎಂದು ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆಯಾದ ಯುಎನ್ ವಿಮೆನ್ 2019ರಲ್ಲಿ ಹೇಳಿತು. ಮಕ್ಕಳನ್ನು ಒಬ್ಬರೇ ಸಾಕುವ ತಂದೆಯರಿಗೂ ಇವೇ ಮೂರು ಬೇಕು. ಅವರನ್ನು ಕೇಳುವುದು ಮಾತ್ರ ‘ಮತ್ತೆ ಮದುವೆ ಯಾವಾಗ?’ ಎಂದು.

ನನ್ನ ಭಯ ಬೇರೆ. ಹಿಂದೊಮ್ಮೆ ನನಗೆ ಜ್ವರ ಏರಿತ್ತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಮಗಳು ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತೇ ನಿದ್ದೆಹೋಗಿದ್ದಳು. ಪಕ್ಕದಲ್ಲಿ ನೀರಿನ ಪಾತ್ರೆ, ಒದ್ದೆ ಬಟ್ಟೆ, ತೊಡೆಯ ಮೇಲೆ ಗಣಿತದ ನೋಟುಪುಸ್ತಕ. ಅದರ ಕೊನೆಯ ಪುಟದಲ್ಲಿ ಗೆರೆ ಎಳೆದು ಬರೆದಿದ್ದಳು: 11 ಗಂಟೆ 103. 1 ಗಂಟೆ 102. 2 ಗಂಟೆ 101. ಆಮೇಲೆ ಅಕ್ಷರ ಸೊಟ್ಟಗಾಗಿ ನಿಂತುಹೋಗಿತ್ತು. ‘ಎಷ್ಟು ಜಾಣೆ, ಎಷ್ಟು ಜವಾಬ್ದಾರಿ!’ ಎಂದು ಕೇಳಿದವರೆಲ್ಲ ಹೊಗಳಿದರು. ನನಗೆ ಕರುಳು ಕಿವುಚಿದಂತಾಯಿತು. ಎಂಟು ವರ್ಷದ ಮಗು ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಅಮ್ಮನಾಗಿ ಕೂರಬಾರದು. ಅವಳು ಹೇಗೆ ಬೆಳೆಯುತ್ತಾಳೋ ಎಂಬ ಚಿಂತೆಗಿಂತ ಬೇಗ ಬೆಳೆದುಬಿಡುತ್ತಾಳೆ ಎಂಬ ಚಿಂತೆ ನನಗೆ ದೊಡ್ಡದು.

ಹಾಗಾಗಿ ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ. ಪ್ರತಿ ವರ್ಷ ಶಾಲೆಯ ಅರ್ಜಿಯಲ್ಲಿ ‘ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು’ ಎಂದು ಎರಡು ಸಾಲು ಇರುತ್ತವೆ. ಮೊದಲನೆಯದು ನನ್ನದು. ಎರಡನೆಯದರಲ್ಲಿ ಯಾರ ಹೆಸರು?

ಈ ಸಲ ನಾನು ಅರ್ಜಿ ತುಂಬುತ್ತಿದ್ದಾಗ ಒಬ್ಬ ಸಹೋದ್ಯೋಗಿ ಹೀಗೆ ಕೇಳಿದರು. ‘ಯಾರೂ ಇಲ್ಲ’ ಎಂದೆ. ಅವರು ಪೆನ್ನು ತೆಗೆದುಕೊಂಡು ತಮ್ಮ ಹೆಸರು ಬರೆದು, ಮೊಬೈಲ್ ಸಂಖ್ಯೆಯನ್ನು ಎರಡು ಸಲ ಸರಿನೋಡಿ, ‘ರಾತ್ರಿ ಎರಡು ಗಂಟೆಯಾದರೂ ಸರಿ, ಕರೆಯಿರಿ’ ಎಂದರು. ಮಗಳು ಆ ಸಂಖ್ಯೆಯನ್ನು ಬಾಯಿಪಾಠ ಮಾಡಿದ್ದಾಳೆ. ಗಣಿತದ ನೋಟುಪುಸ್ತಕದ ಕೊನೆಯ ಪುಟದಲ್ಲಿ, ಜ್ವರದ ಲೆಕ್ಕದ ಕೆಳಗೆ, ಬರೆದೂ ಇಟ್ಟುಕೊಂಡಿದ್ದಾಳೆ.