ಡಾಕ್ಟರಿಗೆ ಹೇಳದ ತಿಂಡಿ

ವಾಸ್ಕೋದಲ್ಲಿ ಬೆಳೆದ ನಮಗೆ ಟಿನ್ ಮಾಂಸ ಅಂದ್ರೆ ಸೂಪರ್ ಮಾರ್ಕೆಟ್ಟಿನ ಶೋಕಿ ಅಲ್ಲ, ಪಕ್ಕದ ಮನೆಯಿಂದ ಬರುತ್ತಿದ್ದ ವಸ್ತು. ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಜನ ಕಾರವಾರ, ಹುಬ್ಬಳ್ಳಿ, ಗದಗ ಕಡೆಯಿಂದ ಬಂದು ಬಂದರಿನಲ್ಲೋ ರೈಲ್ವೆಯಲ್ಲೋ ಕೆಲಸಕ್ಕಿದ್ದವರು. ಉಳಿದವರು ಗೋವಾದವರೇ, ಅವರಲ್ಲಿ ಮನೆಗೊಬ್ಬ ತಾರ್ವಟಿ, ಅಂದ್ರೆ ಹಡಗಿನ ಕೆಲಸಕ್ಕೆ ಹೋಗುವವನು, ಇದ್ದೇ ಇರುತ್ತಿದ್ದ. ಎದುರು ಮನೆ ಅಂಕಲ್ ರಜೆಗೆ ಬಂದರೆ ಪೆಟ್ಟಿಗೆಯಿಂದ ಚಾಕೊಲೇಟ್, ಸೋಪು, ಚೀಸ್ ಡಬ್ಬಿ, ಅವುಗಳ ಅಡಿಯಲ್ಲಿ ಲಂಚನ್ ಮೀಟ್, ಅಂದ್ರೆ ಟಿನ್ನಿನಲ್ಲಿ ಬರುವ ಹಂದಿ ಮಾಂಸ. ಹೆಚ್ಚಾಗಿ ಡೆನ್ಮಾರ್ಕಿನ ಟ್ಯೂಲಿಪ್, ಅಪರೂಪಕ್ಕೆ ಅಮೆರಿಕದ ಸ್ಪ್ಯಾಮ್. ನಮ್ಮ ಪಾಲಿಗೆ ಒಂದೋ ಎರಡೋ ಟಿನ್. ಅಮ್ಮ ಬದಲಿಗೆ ಆಂಟಿಗೆ ಬಂಗಡೆ ಉಪ್ಪಿನಕಾಯಿ ಕಳಿಸುತ್ತಿದ್ದಳು.

ಅಮ್ಮನಿಗೆ ಮೀನಿಲ್ಲದೆ ಊಟ ಸೇರುವುದಿಲ್ಲ. ಆದರೆ ಹಂದಿ ಮಾಂಸ ಅಡುಗೆಮನೆ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪನಿಗೋ ಅದರ ಮೇಲೆ ಭಾರೀ ಆಸೆ. ಹಾಗಾಗಿ ಬಾಲ್ಕನಿಯಲ್ಲಿ ಹಳೇ ಸೀಮೆಎಣ್ಣೆ ಸ್ಟೋವು, ಅದಕ್ಕೇ ಅಂತ ಬೇರೆ ಕಬ್ಬಿಣದ ಕಾವಲಿ, ಬೇರೆ ಚಾಕು. ವರ್ಷವಿಡೀ ಒಂದು ಲೋಟ ಚಹಾ ಮಾಡದ ಮನುಷ್ಯ ಆ ಭಾನುವಾರ ಬೆಳಗ್ಗೆ ಮಾತ್ರ ಲುಂಗಿ ಎತ್ತಿ ಕಟ್ಟಿ ಸ್ಟೋವಿಗೆ ಪಂಪ್ ಹೊಡೆಯುತ್ತಾ ಕೂರುತ್ತಿದ್ದರು. ಶ್ರಾವಣ ಬಂದರೆ ಚೌತಿ ಮುಗಿಯುವ ತನಕ ಟಿನ್ ಕಪಾಟಿನ ಮೇಲೆ ಸುಮ್ನೆ ಕೂತಿರುತ್ತಿತ್ತು. ಕೆಡುವ ಪದಾರ್ಥ ಅಲ್ಲವಲ್ಲ, ಎಷ್ಟು ದಿನ ಬೇಕಾದರೂ ಕಾಯುತ್ತದೆ. ನಾವು ಮಕ್ಕಳು ಕಾಯಬೇಕಲ್ಲ!

ಆಗಿನ ಟಿನ್ನಿಗೆ ಒಂದು ಪುಟ್ಟ ಕೀಲಿ ಇರುತ್ತಿತ್ತು. ತಗಡಿನ ತುದಿಯನ್ನು ಅದರ ಸೀಳಿಗೆ ಸಿಕ್ಕಿಸಿ ಸುತ್ತುತ್ತಾ ಹೋದರೆ ಸಣ್ಣ ಪಟ್ಟಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ, ಅರ್ಧಕ್ಕೆ ತುಂಡಾದರೆ ಕೈ ಕುಯ್ದುಕೊಳ್ಳುವುದು ಗ್ಯಾರಂಟಿ. ಅಡಿಗೆ ಎರಡು ಗುದ್ದು ಕೊಟ್ಟರೆ ಮಾಂಸ ಲೊಚಕ್ ಅಂತ ತಟ್ಟೆಗೆ ಬೀಳುತ್ತಿತ್ತು, ಟಿನ್ನಿನ ಅಚ್ಚೇ, ಮೂಲೆಗಳಲ್ಲಿ ನಡುಗುವ ಜೆಲ್ಲಿ. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ. ಹಸಿ ವಾಸನೆಯೂ ಅಷ್ಟಕ್ಕಷ್ಟೆ.

ಎಲ್ಲಾ ಇರುವುದು ಕಾವಲಿಯಲ್ಲಿ. ಎಣ್ಣೆ ಬೇಡವೇ ಬೇಡ. ಪೆನ್ಸಿಲ್ ದಪ್ಪಕ್ಕೆ ಹೋಳು ಮಾಡಿ, ಮಧ್ಯಮ ಉರಿಯಲ್ಲಿ ಇಟ್ಟು, ಮುಟ್ಟದೆ ಬಿಡಬೇಕು. ಮೊದಲು ಸುಮ್ಮನಿರುತ್ತದೆ, ಆಮೇಲೆ ಅದರದ್ದೇ ಕೊಬ್ಬು ಕರಗಿ ಅಂಚಿನ ಸುತ್ತ ಸಣ್ಣಗೆ ಚಿಟಿಚಿಟಿ ಶುರುವಾಗುತ್ತದೆ, ಗುಲಾಬಿ ಬಣ್ಣ ಹೋಗಿ ಅಂಚು ಕಂದು, ಆಮೇಲೆ ಇನ್ನೂ ಸ್ವಲ್ಪ ಕಂದು, ತುದಿಯಲ್ಲಿ ಕಪ್ಪಾಯಿತೋ ಏನೋ ಅನ್ನುವಾಗ ಮಗುಚಬೇಕು. ಒಳಗೆ ಸಕ್ಕರೆ ಇರುವುದರಿಂದ ಬೇಗ ಬಣ್ಣ ಬರುತ್ತದೆ, ಬೇಗ ಸೀಯುತ್ತದೆ ಕೂಡ. ಹೋಳು ತೆಗೆದ ಮೇಲೆ ಉಳಿದ ಕೊಬ್ಬಿಗೇ ಮೊಟ್ಟೆ ಒಡೆದು ಹಾಕಿ, ಮೇಲೆ ಮೆಣಸಿನ ಪುಡಿ. ಉಪ್ಪು ಹಾಕಿದಿರೋ ಕೆಟ್ಟಿರಿ. ಇಷ್ಟಾಗುವಾಗ ಕೆಳಗೆ ಸೈಕಲ್ಲಿನಲ್ಲಿ ಪಾಂವ್ ಮಾರುವ ಪೊದೇರ್ ಹಾರ್ನ್ ಹೊಡೆಯುತ್ತಾ ಬಂದಿರುತ್ತಿದ್ದ. ಬಿಸಿ ಪಾಂವ್ ಸೀಳಿ ಒಳಗೆ ಎರಡು ಹೋಳು. ಹೊರಗೆ ಮೆತ್ತಗೆ, ಒಳಗೆ ಕುರುಕು, ಉಪ್ಪು ನಾಲಿಗೆಗೆ ಹೊಡೆಯುವ ಹಾಗೆ. ಈಗ ಏರ್ ಫ್ರೈಯರಿನಲ್ಲಿ ಮಾಡಿ, ಕಡಿಮೆ ಉಪ್ಪಿನ ಟಿನ್ ತಗೊಳ್ಳಿ ಅಂತ ಸಲಹೆ ಕೊಡುವವರು ಜಾಸ್ತಿ. ಎರಡನ್ನೂ ಮಾಡಿ ನೋಡಿದ್ದೇನೆ. ಅದನ್ನು ತಿನ್ನುವ ಬದಲು ಉಪ್ಪಿಟ್ಟು ತಿನ್ನಿ, ಮರ್ಯಾದೆಯಾದರೂ ಉಳಿಯುತ್ತದೆ.

ಸ್ಪ್ಯಾಮ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಮಿನ್ನೆಸೋಟಾ ರಾಜ್ಯದ ಹಾರ್ಮೆಲ್ ಕಂಪನಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಎಲ್ಲೆಲ್ಲಿ ಹೋದರೋ ಅಲ್ಲೆಲ್ಲ ಟಿನ್ನೂ ಹೋಯಿತು. ಹವಾಯಿಯವರು ಅದನ್ನು ಅನ್ನದ ಮುದ್ದೆ ಮೇಲಿಟ್ಟು ಸಮುದ್ರದ ಪಾಚಿಯ ಹಾಳೆ ಸುತ್ತಿ ಮುಸುಬಿ ಅಂತ ತಿನ್ನುತ್ತಾರೆ. ಕೊರಿಯಾದಲ್ಲಿ ಯುದ್ಧ ಮುಗಿದ ಮೇಲೆ ಸೈನ್ಯದ ಶಿಬಿರಗಳಿಂದ ಹೊರಬಂದ ಟಿನ್ ಮಾಂಸಕ್ಕೆ ಕಿಮ್ಚಿ, ಅಂದ್ರೆ ಹುಳಿ ಬರಿಸಿದ ಎಲೆಕೋಸು, ಸೇರಿಸಿ ಖಾರದ ಸಾರು ಮಾಡಿಕೊಂಡರು, ಈಗ ಅದು ಹೋಟೆಲ್ ಊಟ. ನಮ್ಮ ಬಿಲ್ಡಿಂಗಿಗೆ ಮಾತ್ರ ಅದು ಬಂದೂಕಿನ ಹಿಂದೆ ಬಂದದ್ದಲ್ಲ, ಸಂಬಳದ ಹಿಂದೆ ಬಂತು. ತಿಂಗಳುಗಟ್ಟಲೆ ಹೆಂಡತಿ ಮಕ್ಕಳನ್ನು ಬಿಟ್ಟು ಎಂಜಿನ್ ರೂಮಿನ ಬಿಸಿಯಲ್ಲಿ ಬೆಂದ ಮನುಷ್ಯ ನಮಗೂ ಒಂದು ಟಿನ್ ಅಂತ ಲೆಕ್ಕ ಹಾಕಿ ತಂದದ್ದು. ಈಗ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವಾಗಲೂ ನನಗೆ ಅದು ಅಂಕಲ್ ಕೊಟ್ಟದ್ದೇ ಅನಿಸುತ್ತದೆ.

ಸರಿ, ಆರೋಗ್ಯದ ವಿಷಯ. ಬಿಪಿ ಸ್ವಲ್ಪ ಮೇಲಿದೆ ಅಂತ ನಮ್ಮ ಡಾಕ್ಟರು ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆ ಮಾಡಿ ಅಂದರು. ಟಿನ್ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಲೆಕ್ಕ ನನಗೂ ಬರುತ್ತದೆ. ಮಾಮೂಲಿ ಸ್ಪ್ಯಾಮ್ ಟಿನ್ 340 ಗ್ರಾಂ. ಕಂಪನಿ ಪ್ರಕಾರ ಒಬ್ಬರ ಪಾಲು 56 ಗ್ರಾಂ, ಅದರಲ್ಲೇ ಸುಮಾರು 790 ಮಿಲಿಗ್ರಾಂ ಸೋಡಿಯಂ, ಅಂದ್ರೆ ಉಪ್ಪಿನಲ್ಲಿ ಬಿಪಿ ಏರಿಸುವ ಅಂಶ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನಕ್ಕೆ 2,000 ಮಿಲಿಗ್ರಾಮಿಗಿಂತ ಕಡಿಮೆ ಇರಲಿ ಅಂತ. ಒಬ್ಬನೇ ಕೂತು ಅರ್ಧ ಟಿನ್ ಮುಗಿಸಿದರೆ ಬೆಳಗ್ಗೆ ಒಂಬತ್ತಕ್ಕೇ ಆ ದಿನದ ಕೋಟಾ ದಾಟಿ ಹೋಯಿತು, ಮಧ್ಯಾಹ್ನದ ಮೀನು ಸಾರು ಇನ್ನೂ ಬಾಕಿ ಇದೆ. ಜೊತೆಗೆ ಸೋಡಿಯಂ ನೈಟ್ರೈಟ್. ಬೊಟುಲಿಸಂ ಅನ್ನುವ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುವುದೂ ಅದೇ, ಆ ಗುಲಾಬಿ ಬಣ್ಣ ಉಳಿಸುವುದೂ ಅದೇ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು ತಂಬಾಕಿನ ಪಟ್ಟಿಗೇ ಸೇರಿಸಿತು. ಹಾಗಂತ ಒಂದು ಹೋಳು ಒಂದು ಸಿಗರೇಟಿಗೆ ಸಮ ಅಂತ ಅಲ್ಲ. ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ ಅಂತ ಅರ್ಥ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು 18% ಏರುತ್ತದೆ ಅಂದರು. ನಾನು ದಿನಾ ತಿನ್ನುವುದಿಲ್ಲ. ದಿನಾ ತಿನ್ನುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬಿಡಿ.

ಇಲ್ಲಿನ ಗೆಳೆಯರದ್ದು ಇನ್ನೊಂದು ವಾದ: ಆ ವಿದೇಶಿ ಕಸ ಯಾಕೆ, ನಮ್ಮ ಗೋವಾದ ಹಂದಿ ಮಾಂಸದ ಸಾಸೇಜ್ ಚೋರಿಸ್ ತಿನ್ನು, ಅದು ಮನೇಲಿ ಮಾಡಿದ್ದು, ಶುದ್ಧ. ಚೋರಿಸ್ ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಉಪ್ಪು, ಮೆಣಸಿನಕಾಯಿ, ವಿನೆಗರಿನಲ್ಲಿ ನೆನೆಸಿ ಒಣಗಿಸಿದ ಆ ಕೆಂಪು ಮಣಿಗಳನ್ನು ಈರುಳ್ಳಿ ಹಾಕಿ ಬೇಯಿಸಿದರೆ ಮೂರು ಮನೆಗೆ ಘಮ ಹೋಗುತ್ತದೆ. ಆದರೆ ಉಪ್ಪು ಹಚ್ಚಿ, ಒಣಗಿಸಿ, ಹೊಗೆ ಹಾಕಿ ಇಟ್ಟ ಮಾಂಸವೂ ಅದೇ ಸಂಸ್ಕರಿಸಿದ ಮಾಂಸದ ಪಟ್ಟಿಯಲ್ಲೇ ಬರುತ್ತದೆ ಸ್ವಾಮಿ. ನಮ್ಮೂರಿನದು ಅಂದ ಕೂಡಲೇ ಕರುಳು ರಿಯಾಯಿತಿ ಕೊಡುವುದಿಲ್ಲ.

ನಾನು ಮಾಡಿಕೊಂಡ ನಿಯಮ ಇಷ್ಟೇ: ಒಬ್ಬನೇ ಇದ್ದಾಗ ಟಿನ್ ಒಡೆಯಬಾರದು. ಐದಾರು ಜನ ಇರಬೇಕು, ತಲೆಗೆ ಎರಡು ಹೋಳು, ಮುಗೀತು. ಅಪ್ಪನೂ ಹಾಗೇ ಹಂಚುತ್ತಿದ್ದರು, ಆರೋಗ್ಯಕ್ಕಲ್ಲ, ಇದ್ದದ್ದೇ ಅಷ್ಟು ಅಂತ. ಈ ಸಲ ಚೌತಿ ಮುಗಿದ ಮೇಲಿನ ಭಾನುವಾರಕ್ಕೆ ತಮ್ಮ ಹುಬ್ಬಳ್ಳಿಯಿಂದ ಬರುತ್ತಾನೆ. ಇದಕ್ಕೆ ಮೆತ್ತನೆ ಚೌಕ ಪಾಂವೇ ಆಗಬೇಕು ಅಂತ ಅವನು. ಗಟ್ಟಿ ಸಿಪ್ಪೆಯ ಉಂಡೊ ಇಲ್ಲದಿದ್ದರೆ ಕೊಬ್ಬೆಲ್ಲ ಸೋರಿ ಹೋಗುತ್ತದೆ ಕಣೋ ಅಂತ ನಾನು. ನಿನ್ನೆ ರಾತ್ರಿಯೇ ಫೋನಿನಲ್ಲಿ ಜಗಳ ಶುರುವಾಗಿದೆ.